ಗಿಣಿಯ ಪುಟ

ಜನವರಿ ೯

ಅಕ್ಕಾ,

ಮೊದಲು ಬೈದುಬಿಡುತ್ತೇನೆ, ವಿಷಯ ಆಮೇಲೆ. ನನ್ನ ಹೋದ ಕಾಗದಕ್ಕೆ ನಿನ್ನಿಂದ ಉತ್ತರವಿಲ್ಲ. ಕಣ್ಣು ಕಾಣದವರಿಗೆಲ್ಲ ದಿನವಿಡೀ ಪುಸ್ತಕ ಓದಿ ರೆಕಾರ್ಡ್ ಮಾಡುತ್ತೀಯ, ಸ್ವಂತ ತಂಗಿಗೆ ನಾಲ್ಕು ಸಾಲು ಬರೆಯಲು ಮಾತ್ರ ನಿನ್ನ ಕೈ ನೋಯುತ್ತದೆ. ಇರಲಿ ಬಿಡು.

ಮೇಡಂ ಪುಸ್ತಕ ಬಂದಿದೆ! ಟೆಲಿಫೋನ್ ಎಕ್ಸ್‌ಚೇಂಜಿನಿಂದ ರಾಜಕೀಯದವರೆಗಿನ ಆತ್ಮಕಥೆ. ಇಲ್ಲಿ ಎಲ್ಲರ ಬಾಯಲ್ಲೂ ಅದೇ. ನಮ್ಮ ಶಾಲೆಯ ಹೆಡ್‌ಮಿಸ್ ಅರ್ಧ ಓದಿ ಮುಗಿಸಿದ್ದಾರೆ. ದಿನಾ ಬೆಳಿಗ್ಗೆ ಪ್ರಾರ್ಥನೆ ಮುಗಿದ ಮೇಲೆ ಮಕ್ಕಳಿಗೆ ಒಂದು ಪುಟ ಓದುತ್ತಾರೆ. "ಹೆಣ್ಣು ಹುಟ್ಟಿದರೆ ಹೀಗೆ ಹುಟ್ಟಬೇಕು" ಎಂದು ಕಣ್ಣೊರೆಸಿಕೊಳ್ಳುತ್ತಾರೆ. ನನಗಂತೂ ಒಳಗೊಳಗೇ ನಗು. ಇವರೆಲ್ಲ ಪುಸ್ತಕದಲ್ಲಿ ನೋಡುವ ಹೆಂಗಸಿನ ಪಕ್ಕದ ಕುರ್ಚಿಯಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೂತಿದ್ದವಳು ನಮ್ಮಮ್ಮ, ಆ ಅಮ್ಮನಿಗೆ ಊಟ ಬಡಿಸಿ ಬರುತ್ತಿರುವವಳು ನಾನು ಅಂತ.

ಅಮ್ಮ ನನ್ನ ತಲೆ ತಿನ್ನುತ್ತಿದ್ದಾಳೆ. ನಾನು ಬಾಗಿಲು ತೆಗೆದರೆ ಸಾಕು, "ಬಂದಿದ್ಯಾ? ನನ್ನ ವಿಷಯ ಬಂದಿದ್ಯಾ?" ಅಂತಾಳೆ. ನಿನ್ನೆ ಆ ಕಥೆಯನ್ನೆಲ್ಲ ಮತ್ತೆ ಮೊದಲಿಂದ ಹೇಳಿದಳು, ನಾನು ಯಾವತ್ತೂ ಕೇಳೇ ಇಲ್ಲ ಎಂಬಂತೆ. ಮುಷ್ಕರದ ದಿನ ಸಿಟ್ಟಿನಲ್ಲಿ ಬೋರ್ಡಿನ ತಂತಿಗಳನ್ನೆಲ್ಲ ಕಿತ್ತವರು ಮೇಡಂ. ಅದೇ ಹೊತ್ತಿಗೆ ಯಾರೋ ಆಸ್ಪತ್ರೆಗೆ ಕರೆ ಮಾಡಿದ್ದು ಹೋಗದೆ ಒಬ್ಬ ಮುದುಕರು ತೀರಿಕೊಂಡರು. ವಿಚಾರಣೆಯಲ್ಲಿ ಅಮ್ಮ ಎದ್ದು ನಿಂತು "ಕಿತ್ತಿದ್ದು ನಾನು" ಅಂದಳು. ಕೆಲಸ ಹೋಯಿತು. ಯಾಕಮ್ಮಾ ಅಂದರೆ ಅದೇ ಉತ್ತರ: "ಅವಳಿಗೆ ನಾಲ್ಕು ಜನರ ಮುಂದೆ ಮಾತಾಡೋಕೆ ಬರ್ತಿತ್ತು, ನನಗೆ ಬರ್ತಿರ್ಲಿಲ್ಲ. ಅವಳು ಉಳಿದ್ರೆ ಎಲ್ಲರಿಗೂ ಆಗ್ತಿತ್ತು. ನಾನು ಉಳಿದು ಏನು ಮಾಡ್ಬೇಕಿತ್ತು?" ಆಮೇಲೆ ಕೈತೊಳೆಯುವ ಕೋಣೆಯ ಮಾತು. ಮೇಡಂ ಅಮ್ಮನ ಎರಡೂ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತರಂತೆ. "ಗಿಣೀ, ಒಂದಲ್ಲ ಒಂದು ದಿನ ಎಲ್ಲರ ಮುಂದೆ ನಾನೇ ಹೇಳ್ತೀನಿ" ಅಂದರಂತೆ. ಅಳುವ ಜಾಗಕ್ಕೆ ಬಂದಾಗ ಅಮ್ಮನ ದನಿ ಈಗಲೂ ತಗ್ಗುತ್ತದೆ.

ಆ ದಿನ ಈಗ ಬಂದಿದೆ ಅಂತ ಅವಳ ಲೆಕ್ಕ. ಕಣ್ಣು ಕಾಣದ ಅವಳಿಗೆ ಓದಿ ಹೇಳಲು ನನಗೆ ಪುರುಸೊತ್ತೆಲ್ಲಿ? ಬೆಳಿಗ್ಗೆಯಿಂದ ಸಂಜೆಯವರೆಗೆ ಚಿಕ್ಕಮಕ್ಕಳ ಮೂಗು ಒರೆಸಿ, ಮನೆಗೆ ಬಂದು ಅಡುಗೆ ಮಾಡಿ, ಅಮ್ಮನ ಕಣ್ಣಿಗೆ ಔಷಧಿ ಬಿಟ್ಟು ಮಲಗುವಷ್ಟರಲ್ಲಿ ಬೆನ್ನು ಬಿದ್ದುಹೋಗಿರುತ್ತದೆ. ನಿಮ್ಮ ಲೈಬ್ರರಿಗೆ ಆ ಪುಸ್ತಕ ಬಂದೇ ಬರುತ್ತದೆ. ನೀನೇ ಓದು. ರೆಕಾರ್ಡ್ ಮಾಡಿದ್ದರ ಒಂದು ಪ್ರತಿ ಅಮ್ಮನಿಗೆ ಕಳಿಸು. ಫೋನ್ ಮಾಡೋಣವೆಂದರೆ ಗೊತ್ತಲ್ಲ, ಈ ಮನೆಗೆ ಫೋನ್ ತರಲು ಅವಳು ಬಿಡುವುದಿಲ್ಲ. ಆ ಯಂತ್ರ ಬಂದರೆ ತಾನು ಹೊರಗೆ ಹೋಗುತ್ತೇನೆ ಎನ್ನುತ್ತಾಳೆ.

ನನ್ನ ಕೆಲಸ ಈ ವರ್ಷವೂ ಖಾಯಂ ಆಗಲಿಲ್ಲ. ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ನಿನ್ನ ಪುಟ್ಟಿ


ಜನವರಿ ೨೦

ಪುಟ್ಟಿ,

ಬೈದದ್ದು ಸರಿ, ಬೈಸಿಕೊಂಡೆ. ಪುಸ್ತಕ ಬಂದಿದೆ. ನಾನು ಕೇಳುವ ಮೊದಲೇ ಲೈಬ್ರರಿಯವರು ನನ್ನ ಮೇಜಿನ ಮೇಲಿಟ್ಟರು. "ಇದಕ್ಕೆ ನಿಮ್ಮ ದನಿಯೇ ಸರಿ, ಹೆಂಗಸಿನ ಕಥೆ, ಗಟ್ಟಿ ದನಿ ಬೇಕು" ಅಂದರು. ಕೇಳುಗರಿಂದ ಆಗಲೇ ಬೇಡಿಕೆ ಬಂದಿದೆಯಂತೆ.

ಅಮ್ಮನಿಗೆ ನಾನು ಎಲ್ಲಿ ಕೂತು ಓದುತ್ತೇನೆಂದು ಹೇಳು, ಅವಳಿಗೆ ಇಂಥದ್ದೆಲ್ಲ ಇಷ್ಟ. ಗೋಡೆಗೆಲ್ಲ ದಪ್ಪ ಬಟ್ಟೆ ಹೊಡೆದ ಸಣ್ಣ ಕೋಣೆ. ಗಾಜಿನಾಚೆ ರೆಕಾರ್ಡಿಂಗ್ ನೋಡಿಕೊಳ್ಳುವ ಮುದುಕರು. ಫ್ಯಾನ್ ಹಾಕುವಂತಿಲ್ಲ, ಸದ್ದು ಮೈಕಿಗೆ ಸಿಗುತ್ತದೆ. ಹೊಟ್ಟೆ ಗುರ್ ಅಂದರೂ ಸಿಗುತ್ತದೆ, ಅದಕ್ಕೇ ಬಿಸ್ಕತ್ತು ತಿಂದು ಕೂರುತ್ತೇನೆ. ಪ್ರತಿ ಪುಸ್ತಕ ಶುರುಮಾಡುವ ಮೊದಲು ನಾವೆಲ್ಲ ಒಂದು ಮಾತು ಹೇಳಬೇಕು: "ಈ ಪುಸ್ತಕವನ್ನು ಒಂದು ಪದ ಬಿಡದೆ, ಒಂದು ಪದ ಸೇರಿಸದೆ ಓದಲಾಗಿದೆ." ಕಣ್ಣಿಲ್ಲದವರು ತಾವೇ ತಿರುವಿ ನೋಡಲಾರರಲ್ಲ, ನಮ್ಮನ್ನು ನಂಬಬೇಕು. ಅದಕ್ಕೆ ಈ ನಿಯಮ.

ನಿಜ ಹೇಳಲಾ? ಪುಸ್ತಕ ಚೆನ್ನಾಗಿದೆ ಕಣೇ. ನಾನು ಮೂಗು ಮುರಿಯುತ್ತಾ ಕೂತವಳು, ಎರಡನೇ ಅಧ್ಯಾಯಕ್ಕೆ ನೆಟ್ಟಗೆ ಕೂತೆ. ಅಪ್ಪ ಶಾಲೆ ಬಿಡಿಸಿದಾಗ ಕಿಟಕಿಯ ಹೊರಗೆ ನಿಂತು ಪಾಠ ಕೇಳಿದ್ದು, ಮೊದಲ ಸಲ ಸಭೆಯಲ್ಲಿ ಗಂಡಸರು ಶಿಳ್ಳೆ ಹಾಕಿದಾಗ "ಶಿಳ್ಳೆ ಮುಗೀಲಿ, ನನಗೇನೂ ಅವಸರ ಇಲ್ಲ" ಎಂದು ಕುರ್ಚಿ ಎಳೆದು ಕೂತದ್ದು. ಓದುವಾಗ ನನ್ನ ದನಿಗೂ ಒಂದು ಧೈರ್ಯ ಬಂತು. ನಿನ್ನೆ ಬಸ್ಸಿನಲ್ಲಿ ಮೈಮೇಲೆ ಬೀಳುತ್ತಿದ್ದ ಒಬ್ಬನಿಗೆ ಸರಿಯಾಗಿ ಕೊಟ್ಟೆ, ಎಲ್ಲರಿಗೂ ಕೇಳುವ ಹಾಗೆ. ಅಮ್ಮ ಇಂಥವಳಿಗಾಗಿ ಕೆಲಸ ಕಳೆದುಕೊಂಡಳು ಅಂದರೆ ದಂಡವಾಗಿಲ್ಲ ಅನ್ನಿಸಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಹಾಗನ್ನಿಸಿದ್ದು.

ಎಕ್ಸ್‌ಚೇಂಜಿನ ಅಧ್ಯಾಯ ಇನ್ನೂ ಮುಂದಿದೆ. ಹಾರಿ ಓದುವುದಿಲ್ಲ. ಅಮ್ಮ ಇಷ್ಟು ವರ್ಷ ಕಾದಿದ್ದಾಳೆ, ನಾನು ಎರಡು ವಾರ ಕಾಯಲಾರೆನೇ? ಸಾಲಿನಲ್ಲೇ ಹೋಗಿ ಅವಳನ್ನು ಭೇಟಿಯಾಗುತ್ತೇನೆ.

ಅಕ್ಕ


ಫೆಬ್ರವರಿ ೨ (ಬರೆದದ್ದು, ಅಂಚೆಗೆ ಹಾಕಲಿಲ್ಲ)

ಪುಟ್ಟಿ,

ಇವತ್ತು ಆ ಅಧ್ಯಾಯ ಬಂತು. ಅಮ್ಮ ಇದ್ದಾಳೆ. ಪೂರ್ತಿ ಇಳಿಸುತ್ತೇನೆ, ನೋಡು:

"ನಮ್ಮಲ್ಲೊಬ್ಬಳಿದ್ದಳು. ಗಿಣಿ ಎಂದು ಕರೆಯುತ್ತಿದ್ದೆವು. ಹೇಳಿಕೊಟ್ಟದ್ದನ್ನು ಒಪ್ಪಿಸುವುದು ಬಿಟ್ಟರೆ ಸ್ವಂತ ಬುದ್ಧಿ ಇರಲಿಲ್ಲ. ಮುಷ್ಕರದ ದಿನ ಯಾರನ್ನೂ ಕೇಳದೆ, ಗಾಬರಿಯಲ್ಲಿ ಬೋರ್ಡಿನ ತಂತಿಗಳನ್ನು ಕಿತ್ತುಹಾಕಿದಳು. ಆಸ್ಪತ್ರೆಗೆ ಹೋಗಬೇಕಿದ್ದ ಒಂದು ಕರೆ ಹೋಗಲಿಲ್ಲ, ವೃದ್ಧರೊಬ್ಬರು ಕೊನೆಯುಸಿರೆಳೆದರು. ನಾನು ಅವಳನ್ನು ಕ್ಷಮಿಸಿದೆ. ಆದರೆ ದುರ್ಬಲರನ್ನು ಕಟ್ಟಿಕೊಂಡು ಹೋರಾಟ ನಡೆಸಲಾಗದು ಎಂಬ ಪಾಠವನ್ನು ಅಂದೇ ಕಲಿತೆ."

ಇಷ್ಟೇ. ಮುಂದಿನ ಸಾಲಿನಲ್ಲಿ ಅವಳ ಮೊದಲ ಚುನಾವಣೆ.

ಕ್ಷಮಿಸಿದಳಂತೆ! ತಾನು ಕಿತ್ತ ತಂತಿಗೆ, ತನ್ನಿಂದ ಹೋದ ಜೀವಕ್ಕೆ, ನಮ್ಮಮ್ಮನನ್ನು ಕ್ಷಮಿಸಿದಳಂತೆ! ಈ ಪೆನ್ನು ಕಾಗದ ಹರಿಯುತ್ತಿದೆ. ಬಿಟ್ಟೇ ಬಿಟ್ಟಿದ್ದರೆ ಏನಾಗುತ್ತಿತ್ತು ಇವಳಿಗೆ? ಹೆಸರೆತ್ತದೆ ಮುಂದೆ ಹೋಗಿದ್ದರೆ ಮರೆತಿದ್ದಾಳೆ ಅಂತ ಅಮ್ಮನಿಗೆ ಸಮಾಧಾನ ಹೇಳಬಹುದಿತ್ತು. ಗಿಣಿ ಅನ್ನುವ ಮುದ್ದಿನ ಹೆಸರನ್ನೂ ಬಿಡದೆ ಬಯ್ಗುಳ ಮಾಡಿಟ್ಟಿದ್ದಾಳೆ.

ಮತ್ತೆ ನಾನೇನು ಮಾಡಿದೆ ಗೊತ್ತಾ? ಓದಿದೆ. ಕೆಂಪು ದೀಪ ಉರಿಯುತ್ತಿತ್ತು, ಓದಿದೆ. ಗಾಜಿನಾಚೆಯ ಮುದುಕರು ಹೆಬ್ಬೆರಳೆತ್ತಿ, "ಒಂದೇ ಸಲಕ್ಕೆ ಆಯ್ತಲ್ಲಮ್ಮ, ಎಲ್ಲೂ ತಡವರಿಸಲಿಲ್ಲ" ಅಂದರು. ನನ್ನ ಕೆಲಸ ನನ್ನನ್ನು ಅಷ್ಟು ಚೆನ್ನಾಗಿ ಪಳಗಿಸಿದೆ.

ಇದನ್ನು ಅಮ್ಮನಿಗೆ ಹೇಗೆ ಕಳಿಸಲಿ? ಕಳಿಸದಿದ್ದರೆ ಅವಳು ಬಿಡುತ್ತಾಳಾ? ಮನೆಯಲ್ಲಿ ನನ್ನ ಹಳೇ ಟೇಪ್ ರೆಕಾರ್ಡರ್ ಇದೆ. ಒಂದು ಪುಟ. ಒಂದೇ ಒಂದು ಪುಟ ಬದಲಾಯಿಸಿದರೆ ಒಬ್ಬ ಮುದುಕಿ ನೆಮ್ಮದಿಯಾಗಿ ನಿದ್ದೆ ಮಾಡುತ್ತಾಳೆ. ಯಾರ ಗಂಟು ಹೋಗುತ್ತದೆ?


ಫೆಬ್ರವರಿ ೫

ಪುಟ್ಟಿ,

ಪಾರ್ಸೆಲ್ ಕಳಿಸಿದ್ದೇನೆ. ಅಮ್ಮನ ವಿಷಯ ಮೂರನೇ ಕ್ಯಾಸೆಟ್ಟಿನಲ್ಲಿದೆ. ಬಂದಿದೆ, ಚೆನ್ನಾಗಿಯೇ ಬಂದಿದೆ.

ಇದು ಮನೆಯವರಿಗೆಂದು ಮಾಡಿಕೊಂಡ ಪ್ರತಿ, ಲೈಬ್ರರಿಗೆ ಗೊತ್ತಾದರೆ ನನಗೆ ತೊಂದರೆ. ಯಾರಿಗೂ ಕೊಡಬೇಡ. ಅಮ್ಮ ಒಬ್ಬಳೇ ಕೇಳಲಿ. ನೀನು ಪುಸ್ತಕ ಕೊಳ್ಳುವ ಗೋಜಿಗೂ ಹೋಗಬೇಡ, ಬೆಲೆ ಜಾಸ್ತಿ, ಅಕ್ಷರ ಸಣ್ಣ.

ಅಕ್ಕ


ಫೆಬ್ರವರಿ ೧೬

ಅಕ್ಕಾ, ಅಕ್ಕಾ, ಅಕ್ಕಾ!

ನಿನ್ನ ಬಾಯಿಗೆ ಸಕ್ಕರೆ ಹಾಕಬೇಕು. ಭಾನುವಾರ ಬಾಗಿಲು ಹಾಕಿಕೊಂಡು ಕೂತು ಕೇಳಿದೆವು. ಅಮ್ಮ ಸ್ನಾನ ಮಾಡಿ, ತಲೆ ಬಾಚಿಸಿಕೊಂಡು, ಡ್ಯೂಟಿಗೆ ಹೊರಟವಳ ಹಾಗೆ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಮೊದಲೆರಡು ಕ್ಯಾಸೆಟ್ಟಿಗೆ ನಗುತ್ತಿದ್ದಳು, "ಹೌದು ಕಣೇ, ಹಾಗೇ ಮಾತಾಡ್ತಿದ್ಲು ಅವಳು" ಎನ್ನುತ್ತಿದ್ದಳು. ಮೂರನೆಯದು ಬಂತು.

"ಆ ದಿನ ತಂತಿ ಕಿತ್ತವಳು ಗಿಣಿಯಲ್ಲ. ನಮ್ಮೆಲ್ಲರ ತಪ್ಪನ್ನು ಅವಳೊಬ್ಬಳೇ ತಲೆಯ ಮೇಲೆ ಹೊತ್ತಳು. ಕೈತೊಳೆಯುವ ಕೋಣೆಯಲ್ಲಿ ಅವಳ ಎರಡೂ ಕೈ ಹಿಡಿದು ಬಿಕ್ಕಿ ಬಿಕ್ಕಿ ಅತ್ತೆ. ನಾನಿಂದು ನಿಂತಿರುವ ಜಾಗ ಅವಳು ಬಿಟ್ಟುಕೊಟ್ಟದ್ದು."

ನನಗೆ ಅಳು ತಡೆಯಲಾಗಲಿಲ್ಲ. ಅಮ್ಮ ಅಳಲಿಲ್ಲ. "ಇನ್ನೊಂದ್ಸಲ ಹಾಕು" ಅಂದಳು. ಹಾಕಿದೆ. "ಇನ್ನೊಂದ್ಸಲ" ಅಂದಳು. ತಲೆ ಒಂದು ಕಡೆ ವಾಲಿಸಿ, ದೂರದ ಲೈನಿನಲ್ಲಿ ಯಾರದೋ ದನಿ ಹಿಡಿಯುವವಳ ಹಾಗೆ ಕೇಳಿದಳು. ಆಮೇಲೆ ಕೇಳಿದಳು, "ಇದನ್ನ ಓದಿರೋದು ದೊಡ್ಡವಳೇ ಅಲ್ವಾ?" ಹೌದಮ್ಮಾ, ಇನ್ಯಾರು ಅಂದೆ. "ಚೆನ್ನಾಗಿ ಓದಿದ್ದಾಳೆ" ಎಂದು ಎದ್ದು ಹೋಗಿ ಮಲಗಿದಳು. ಅಷ್ಟೊಂದು ಖುಷಿಯನ್ನು ಒಂದೇ ಸಲಕ್ಕೆ ತಡೆದುಕೊಳ್ಳುವುದು ಆ ಜೀವಕ್ಕೆ ಕಷ್ಟವೇ. ಅಂದಿನಿಂದ ಮಾತು ಕಡಿಮೆಯಾಗಿದೆ.

ಈಗ ದೊಡ್ಡ ಸುದ್ದಿ. ಮೇಡಂ ನಮ್ಮೂರಿಗೆ ಬರುತ್ತಿದ್ದಾರೆ, ಮಾರ್ಚ್ ಮೂರಕ್ಕೆ, ಪುಸ್ತಕದ ಸಭೆಗೆ. ಟೌನ್‌ಹಾಲಿನಲ್ಲಿ. ಕೊನೆಗೆ ಓದುಗರ ಜೊತೆ ಮಾತುಕತೆ ಇದೆ. ಅಮ್ಮನನ್ನು ಕರೆದುಕೊಂಡು ಹೋಗುತ್ತಿದ್ದೇನೆ. ಯೋಚಿಸು, ಎಲ್ಲರ ಮುಂದೆ!

ಪುಟ್ಟಿ


ಫೆಬ್ರವರಿ ೨೧

ಪುಟ್ಟಿ,

ಬೇಡ. ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಬೇಡ.

ಟೌನ್‌ಹಾಲಿನ ಮೆಟ್ಟಿಲು ಎಷ್ಟು ಕಡಿದು ಅಂತ ಮರೆತೆಯಾ? ಜನ ನೂಕುತ್ತಾರೆ, ಕಣ್ಣಿಲ್ಲದವಳು ಬಿದ್ದರೆ ಯಾರು ನೋಡುವವರು? ಆಮೇಲೆ ಇಂಥ ದೊಡ್ಡವರು ಪುಸ್ತಕದಲ್ಲಿ ಬರೆಯುವುದು ಬೇರೆ, ಎದುರಿಗೆ ಸಿಕ್ಕಾಗ ಗುರುತಿಸುವುದು ಬೇರೆ. ಗುರುತಿಸದೇ ಹೋದರೆ ಅಮ್ಮ ಆ ಅವಮಾನ ತಡೆಯುತ್ತಾಳಾ? ಕೇಳಿದ್ದಾಳೆ, ಸಂತೋಷವಾಗಿದೆ, ಅಲ್ಲಿಗೆ ಮುಗಿಸು. ನನ್ನ ಮಾತು ಕೇಳು.

ಅಕ್ಕ


ಫೆಬ್ರವರಿ ೨೫

ಅಕ್ಕ,

ಮೆಟ್ಟಿಲು ಕಡಿದು! ಎಷ್ಟು ಕಾಳಜಿ ನಿನಗೆ. ಅಮ್ಮನನ್ನು ಕೈಹಿಡಿದು ಬಚ್ಚಲಿಗೆ ಕರೆದೊಯ್ಯುವವಳು ನಾನು, ಮೆಟ್ಟಿಲು ಹತ್ತಿಸುವುದು ಹೇಗೆಂದು ನನಗೆ ನೀನು ಹೇಳಿಕೊಡುತ್ತೀಯಾ? ಇಲ್ಲಿಗೆ ನಿನ್ನ ದನಿ ಬರುತ್ತದೆ, ನೀನು ಬರುವುದಿಲ್ಲ. ಕ್ಯಾಸೆಟ್ ಕಳಿಸಿ ಒಳ್ಳೆಯ ಮಗಳಾಗುವುದು ಬಹಳ ಸುಲಭ.

ನನಗೆ ಗೊತ್ತು ನಿನ್ನ ಸಂಕಟ ಏನೂಂತ. ಅಮ್ಮನಿಗೆ ಖುಷಿ ಕೊಟ್ಟವಳು ನೀನೊಬ್ಬಳೇ ಆಗಿರಬೇಕು. ನಾನು ಅವಳನ್ನು ವೇದಿಕೆಯವರೆಗೆ ಕರೆದೊಯ್ದರೆ ಆ ಹೆಸರು ನನಗೆ ಬಂದುಬಿಡುತ್ತದಲ್ಲ! ಚಿಕ್ಕಂದಿನಿಂದ ನೀನು ಹೀಗೇ.

ಹೌದು, ನನಗೂ ಸ್ವಾರ್ಥ ಇದೆ, ಮುಚ್ಚಿಡುವುದಿಲ್ಲ. ಖಾಯಂ ಕೆಲಸಕ್ಕೆ ಅರ್ಜಿ ಬರೆದು ಇಟ್ಟುಕೊಂಡಿದ್ದೇನೆ. ಮೇಡಂ ಒಂದು ಮಾತು ಹೇಳಿದರೆ ಆಗುತ್ತದೆ. ಅಮ್ಮ ಬಿಟ್ಟುಕೊಟ್ಟ ಜಾಗಕ್ಕೆ ಬದಲಾಗಿ ಮಗಳಿಗೆ ಒಂದು ಸಣ್ಣ ಕುರ್ಚಿ ಕೇಳಿದರೆ ಅದೇನು ಪಾಪವಾ?

ಮತ್ತೆ ಹೋಗಲೇಬೇಕು ಅಂತ ಹಟ ಹಿಡಿದಿರುವುದು ನಾನಲ್ಲ. ನಿನ್ನ ಕಾಗದ ಅಮ್ಮನಿಗೆ ಓದಿ ಹೇಳಿದೆ. "ದೊಡ್ಡವಳು ಬೇಡ ಅಂತಾಳಾ? ಅನ್ನಲಿ. ನೀನು ಕರ್ಕೊಂಡು ಹೋಗು" ಅಂದಳು.


ಮಾರ್ಚ್ ೧

ಪುಟ್ಟಿ,

ಇದು ನಿನಗೆ ಮೂರನೇ ತಾರೀಕಿನೊಳಗೆ ಸಿಗಲಿ ಅಂತ ದೇವರಲ್ಲಿ ಬೇಡಿಕೊಳ್ಳುತ್ತಿದ್ದೇನೆ. ಅಂಗಡಿಗೆ ಹೋಗಿ ಪುಸ್ತಕ ತೆಗೆದು ಎಕ್ಸ್‌ಚೇಂಜಿನ ಅಧ್ಯಾಯ ನೋಡು. ನೀವು ಕೇಳಿದ್ದು ಅಲ್ಲಿಲ್ಲ. ಅದು ನನ್ನ ಮಾತು, ನಾನು ಮನೆಯಲ್ಲಿ ಕೂತು ಸೇರಿಸಿದ್ದು. ಅಲ್ಲಿರುವುದು ಬೇರೆ, ಬಹಳ ಕೆಟ್ಟದ್ದು. ಕಳಿಸದೆ ಇಟ್ಟುಕೊಂಡಿದ್ದ ಕಾಗದವೊಂದನ್ನೂ ಇದರ ಜೊತೆ ಇಟ್ಟಿದ್ದೇನೆ, ಎಲ್ಲ ಅದರಲ್ಲಿದೆ.

ಅಮ್ಮನಿಗೆ ಜ್ವರ ಎನ್ನು, ನಿನಗೆ ಜ್ವರ ಎನ್ನು, ಏನಾದರೂ ಮಾಡು. ಹೋಗಬೇಡಿ.

ಅಕ್ಕ


ಮಾರ್ಚ್ ೩, ಸಭೆಯಿಂದ ಬಂದ ಮೇಲೆ

ಅಕ್ಕಾ,

ಹೋದ ಕಾಗದದಲ್ಲಿ ಸಿಟ್ಟಿಗೆ ಏನೇನೋ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಇವತ್ತು ನನಗೆ ಯಾರ ಮೇಲೂ ಸಿಟ್ಟಿಲ್ಲ.

ಹಾಲ್ ತುಂಬಿ ಹೊರಗೂ ಜನ. ಮೇಡಂ ಮಾತಾಡಿದರು ನೋಡು, ಏನು ಮಾತು! ಮುಂದಿನ ಸಾಲಿನಲ್ಲಿದ್ದ ಹೆಡ್‌ಮಿಸ್ ಚಪ್ಪಾಳೆ ತಟ್ಟಿ ತಟ್ಟಿ ಕೈ ಕೆಂಪು ಮಾಡಿಕೊಂಡರು. ಓದುಗರ ಸರದಿ ಬಂತು. ನಾನು ಕೈ ಎತ್ತುವುದರೊಳಗೆ ಅಮ್ಮ ಎದ್ದು ನಿಂತಿದ್ದಳು, ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡು. ಮೈಕ್ ಕೊಡಲು ಬಂದರೆ ಬೇಡ ಎಂದಳು. ನಾಲ್ಕು ಜನರ ಮುಂದೆ ಮಾತಾಡಲು ಬಾರದ ನಮ್ಮಮ್ಮ ಅಕ್ಕಾ! ಆ ಹಳೇ ಆಪರೇಟರ್ ದನಿಯಲ್ಲಿ, ಒಂದೊಂದೇ ಪದ ಬಿಡಿಸಿ, "ನಾನು ಗಿಣಿ. ನಿಮ್ಮ ಪುಸ್ತಕದ ನನ್ನ ಪುಟ ಬಾಯಿಪಾಠ ಆಗಿದೆ, ಹೇಳ್ಲಾ?" ಅಂದಳು. ಹೇಳಿಬಿಟ್ಟಳು! ತಂತಿ ಕಿತ್ತವಳು ಗಿಣಿಯಲ್ಲ ಎನ್ನುವಲ್ಲಿಂದ ಬಿಟ್ಟುಕೊಟ್ಟ ಜಾಗದವರೆಗೆ, ಒಂದು ಪದ ತಪ್ಪದೆ.

ಮೇಡಂ ಒಂದು ಗಳಿಗೆ ಜನರ ಕಡೆ ನೋಡಿದರು. ಆಮೇಲೆ ಯಾರೋ ಚಪ್ಪಾಳೆ ಹೊಡೆದರು, ಎಲ್ಲರೂ ಹೊಡೆದರು. ಮೇಡಂ ವೇದಿಕೆ ಇಳಿದು ಬಂದು ಅಮ್ಮನನ್ನು ತಬ್ಬಿಕೊಂಡರು. ಕೈಯಲ್ಲೇ ಮೈಕ್ ಇತ್ತು. "ನಾನವತ್ತು ಎಷ್ಟು ಅತ್ತಿದ್ದೆ ಅನ್ನೋದು ಇವರೊಬ್ಬರಿಗೇ ಗೊತ್ತು. ಈ ಪುಟ ಬರೆಯೋವಾಗಲೂ ಅತ್ತೆ" ಅಂದರು. ಕ್ಯಾಮೆರಾಗಳು ಒಂದೇ ಸಮ ಮಿಂಚಿದವು. ನಮ್ಮ ಹೆಡ್‌ಮಿಸ್ ಮುಖ ಮಾತ್ರ ಒಂಥರಾ ಆಗಿಹೋಗಿತ್ತು. ನನ್ನನ್ನೂ ಅಮ್ಮನನ್ನೂ ತಿರುಗಿ ತಿರುಗಿ ನೋಡುತ್ತಿದ್ದರು. ಹೊಟ್ಟೆಕಿಚ್ಚು, ಇನ್ನೇನು.

ಅರ್ಜಿ ಕೊಟ್ಟೆ. ಅವರ ಕಾರ್ಯದರ್ಶಿ ತೆಗೆದುಕೊಂಡರು.

ಅಮ್ಮ ಬಸ್ಸಿನಲ್ಲಿ ಸೆರಗಿನಿಂದ ಮುಖ, ಭುಜ ಒರೆಸಿಕೊಳ್ಳುತ್ತಲೇ ಇದ್ದಳು. ಮೇಡಂ ಹಾಕಿಕೊಂಡಿದ್ದ ಸೆಂಟು ಜೋರಾಗಿತ್ತು. ಮನೆಗೆ ಬಂದು ಊಟ ಬೇಡ ಎಂದು ಮಲಗಿದಳು. ಖುಷಿಗೂ ಹೊಟ್ಟೆ ತುಂಬುತ್ತದೆ ಅಂತ ಕಾಣುತ್ತದೆ.

ಪುಟ್ಟಿ


ಮಾರ್ಚ್ ೫

ನಿನ್ನ ಒಂದನೇ ತಾರೀಕಿನ ಕಾಗದ ನಿನ್ನೆ ಸಂಜೆ ಸಿಕ್ಕಿತು. ಸಿಗಬೇಕೆಂದೇನೂ ಇರಲಿಲ್ಲ. ಬೆಳಿಗ್ಗೆಯೇ ಹೆಡ್‌ಮಿಸ್ ನನ್ನನ್ನು ಕೋಣೆಗೆ ಕರೆದು, ಬಾಗಿಲು ಹಾಕಿ, ಪುಸ್ತಕ ತೆರೆದು ಮುಂದಿಟ್ಟಿದ್ದರು. "ನಿಮ್ಮ ತಾಯಿ ಹೇಳಿದ್ದು ಯಾವ ಪುಸ್ತಕದ್ದಮ್ಮಾ?" ಎಂದು ಮೆತ್ತಗೆ ಕೇಳಿದರು. ಹೊಟ್ಟೆಕಿಚ್ಚು ಅಂದಿದ್ದೆನಲ್ಲ, ಅದು ಕನಿಕರ. ನೆಲ ಬಾಯಿ ಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ.

ನಿನಗೆ ಬೈಯಲು ಪದ ಹುಡುಕುತ್ತಾ ಮನೆಗೆ ಬಂದೆ. ಕಾಗದ ಒಡೆದೆ. ಅಮ್ಮ ಅಡುಗೆಮನೆಯಲ್ಲಿ ಬಟಾಣಿ ಬಿಡಿಸುತ್ತಿದ್ದಳು. "ದೊಡ್ಡವಳ ಕಾಗದನಾ? ಓದು" ಅಂದಳು. ಏನಿಲ್ಲಮ್ಮಾ, ಕ್ಷೇಮ ಅಂತ ಬರೆದಿದ್ದಾಳೆ ಅಂದೆ. ಬಟಾಣಿ ಬಿಡಿಸುತ್ತಲೇ, "ಆ ಪುಟ ಅವಳದ್ದೇ ಅಂತ ಈಗ ಬರೆದ್ಲಾ?" ಅಂದಳು.

ಅವಳಿಗೆ ಗೊತ್ತಿತ್ತು ಅಕ್ಕ. ಮೊದಲ ಸಲ ಕೇಳಿದಾಗಲೇ ಗೊತ್ತಾಗಿತ್ತು. ಹೇಗೆ ಗೊತ್ತಾ? ಅವಳು ಹೇಳಿದ್ದನ್ನು ಹಾಗೇ ಬರೆಯುತ್ತೇನೆ.

"ಅವಳು ಅತ್ತೇ ಇರ್ಲಿಲ್ಲ ಕಣೇ. ಕೈತೊಳೆಯೋ ಕೋಣೇಲಿ ನಿಂತು, ಕನ್ನಡಿ ನೋಡ್ಕೊಂಡು ತಲೆ ಸರಿ ಮಾಡ್ಕೊಂಡ್ಲು. 'ಸರಿ ಹಾಗಾದ್ರೆ' ಅಂದ್ಲು. ಅಷ್ಟೇ. ಎಲ್ಲರ ಮುಂದೆ ಹೇಳ್ತೀನಿ ಅಂದಿದ್ದೂ ಇಲ್ಲ. ಅಳು ನಾನೇ ಸೇರಿಸಿದ್ದು. ನಿಮ್ಮಪ್ಪ ಹೋದ್ಮೇಲೆ ನೀವಿಬ್ರೂ ಹಸ್ಕೊಂಡಿದ್ದಾಗ, ಅಮ್ಮ ಯಾಕೆ ಕೆಲಸ ಬಿಟ್ಟೆ ಅಂತ ಕೇಳ್ತಿದ್ರಲ್ಲ, ಸುಮ್ಮನೆ ಬಿಟ್ಟೆ ಅನ್ನೋಕೆ ಆಗ್ಲಿಲ್ಲ. ಅತ್ತಳು ಅಂದೆ. ಹೇಳ್ತಾ ಹೇಳ್ತಾ ನನಗೂ ಅದೇ ನಿಜ ಅನ್ನಿಸ್ತಿತ್ತು. ನಡೀದೇ ಇರೋ ಅಳು ಅವಳ ಪುಸ್ತಕಕ್ಕೆ ಹೇಗೆ ಬರುತ್ತೆ? ನಾನು ಯಾರಿಗೆ ಹೇಳಿದ್ನೋ ಅವರೇ ಬರೀಬೇಕು."

ಮತ್ಯಾಕಮ್ಮಾ ಹೋದೆ, ಅಷ್ಟು ಜನರ ಮುಂದೆ ಯಾಕೆ ಹೇಳಿದೆ ಎಂದು ಕೂಗಿದೆ.

"ಅವಳು ಏನಂತಾಳೆ ಅಂತ ನೋಡೋಕೆ. 'ಇಲ್ಲ ಗಿಣಿ, ನಾನವತ್ತು ಅಳ್ಲಿಲ್ಲ' ಅಂದಿದ್ರೆ ಸಾಕಿತ್ತು ನನಗೆ. ನನ್ನನ್ನ ಬೈದು ಬರೆದಿದ್ರೂ ಪರ್ವಾಗಿರ್ಲಿಲ್ಲ, ನೆನಪಾದ್ರೂ ಇದೆ ಅನ್ಕೋತಿದ್ದೆ. ಅವಳಿಗೆ ತಾನು ಬರೆದಿದ್ದೂ ಗೊತ್ತಿಲ್ಲ, ತಾನು ಅತ್ತಿದ್ದೂ ಗೊತ್ತಿಲ್ಲ. ಚಪ್ಪಾಳೆ ಎಲ್ಲಿಂದ ಬರುತ್ತೋ ಆ ಕಡೆ ತಿರುಗ್ತಾಳೆ."

ಇನ್ನೊಂದು ಮಾತು ಕೇಳು. ಪುಸ್ತಕದಲ್ಲಿ ನಿಜವಾಗಿ ಏನಿದೆಯೋ ಅದನ್ನು ಕೇಳಬೇಕಂತೆ. ನಾನು ಓದಿ ಹೇಳುತ್ತೇನೆ ಅಂದೆ. ಬೇಡವಂತೆ. "ಲೈಬ್ರರಿಗೆ ದೊಡ್ಡವಳು ಓದಿರೋದೇ ಬೇಕು" ಅಂತಾಳೆ. ಕಳಿಸು.


ಮಾರ್ಚ್ ೧೦

ಪುಟ್ಟಿ,

ಲೈಬ್ರರಿಯ ಪ್ರತಿ ಕಳಿಸಿದ್ದೇನೆ. ಬರೀ ಮೂರನೇ ಕ್ಯಾಸೆಟ್. ಅಮ್ಮನಿಗೆ ಏನು ಹೇಳಲಿ ಎಂದು ಕೂತು ಕೂತು ಏನೂ ಹೊಳೆಯಲಿಲ್ಲ. ಅವಳಿಗೆ ನೋವಾಗದಿರಲಿ ಅಂತ ಮಾಡಿದ್ದು, ಅಷ್ಟು ಮಾತ್ರ ಹೇಳು. ನಾನು ಅವಳ ಪರವಾಗಿದ್ದೆ ಅಂತ ಹೇಳು. ರಜೆ ಕೇಳಿದ್ದೇನೆ, ಸಿಕ್ಕ ತಕ್ಷಣ ಬರುತ್ತೇನೆ.

ಅಕ್ಕ


ಮಾರ್ಚ್ ೧೮

ಅಕ್ಕ,

ಪತ್ರಿಕೆಯಲ್ಲಿ ಫೋಟೋ ಬಂದಿದೆ. ಕೆಳಗೆ "ವೃದ್ಧ ಅಭಿಮಾನಿಯೊಬ್ಬರನ್ನು ಸಂತೈಸುತ್ತಿರುವುದು" ಎಂದು ಹಾಕಿದ್ದಾರೆ. ನನ್ನ ಅರ್ಜಿ, ಸಂಬಂಧಪಟ್ಟವರಿಗೆ ಕಳಿಸಲಾಗಿದೆ ಎಂಬ ಚೀಟಿ ಅಂಟಿಸಿಕೊಂಡು ನಮ್ಮ ಹೆಡ್‌ಮಿಸ್ ಮೇಜಿಗೇ ವಾಪಸ್ ಬಂದು ಕೂತಿದೆ. ಇವು ಎರಡನ್ನೂ ಅಮ್ಮನಿಗೆ ಹೇಳಿದೆ. ಹೂಂ ಅಂದಳು. ಈ ಮನೆಯಲ್ಲಿ ಇನ್ನು ಏನನ್ನೂ ಮುಚ್ಚಿಡಬಾರದು ಎಂದುಕೊಂಡಿದ್ದೇನೆ, ಅದಕ್ಕೇ ನಿನಗೂ ಪೂರ್ತಿ ಬರೆಯುತ್ತಿದ್ದೇನೆ. ಓದಿ ಬೇಜಾರು ಮಾಡಿಕೋ, ಬೇಡ ಅನ್ನುವುದಿಲ್ಲ.

ಕ್ಯಾಸೆಟ್ ಹಾಕಿದೆ. ಅಮ್ಮ ಅದೇ ಕುರ್ಚಿಯಲ್ಲಿ ಕೂತಳು. "ಸ್ವಂತ ಬುದ್ಧಿ ಇರಲಿಲ್ಲ" ಬಂತು, ಅಲುಗಲಿಲ್ಲ. "ಕ್ಷಮಿಸಿದೆ" ಬಂತು, ಅಲುಗಲಿಲ್ಲ. ದುರ್ಬಲರ ಮಾತು ಬಂದು, ಮೇಡಂ ಚುನಾವಣೆ ಶುರುವಾದಾಗ ನಿಲ್ಲಿಸು ಎಂದು ಕೈ ಮಾಡಿದಳು.

ನಾನು ನೀನು ಹೇಳಿದ್ದನ್ನು ಹೇಳಿದೆ. ಅಮ್ಮಾ, ನಿನಗೆ ನೋವಾಗದಿರಲಿ ಅಂತ ಅಕ್ಕ ಹಾಗೆ ಮಾಡಿದಳು, ಅವಳು ನಿನ್ನ ಪರ ಅಂತ. ಅಮ್ಮ ಸೀರೆಯ ಅಂಚು ತಿರುವುತ್ತಿದ್ದಳು.

"ಇದನ್ನ ಎಷ್ಟು ಜನ ಕೇಳ್ತಾರೆ?" ಅಂದಳು.

ಕಣ್ಣು ಕಾಣದವರು ತುಂಬಾ ಜನ ಕೇಳುತ್ತಾರೆ, ಊರೂರಿಗೆ ಹೋಗುತ್ತೆ ಅಂದೆ.

"ನನಗೆ ಓದಿದ್ದರಲ್ಲಿ ದೊಡ್ಡವಳ ಉಸಿರು ಎರಡು ಕಡೆ ಸಿಕ್ಕಿಹಾಕ್ಕೊಂಡಿತ್ತು. ಇದರಲ್ಲಿ ಒಂದು ಕಡೆಯೂ ಇಲ್ಲ. ಎಷ್ಟು ಚೆನ್ನಾಗಿ ಓದಿದ್ದಾಳೆ!"

ಆಮೇಲೆ ಅಂದದ್ದು ಇದು. ಒಂದು ಪದ ಬಿಡದೆ, ಒಂದು ಪದ ಸೇರಿಸದೆ ಬರೆಯುತ್ತಿದ್ದೇನೆ.

"ಬಾಗಿಲು ಹಾಕ್ಕೊಂಡು ಕೇಳೋಕೆ ನನಗೊಂದು, ಊರಿಗೆಲ್ಲ ಒಂದು. ನನ್ನ ಪಾಡಿಗೆ ನಾನು ಕಟ್ಟಿದ ಕಥೇಲಿ ನಿಮ್ಮ ಮೇಡಂ ಕೂಡ ಹಾಗೇ ಮಾಡಿದ್ಲು, ಕೈತೊಳೆಯೋ ಕೋಣೇಲಿ ಒಂದು, ಹೊರಗೆ ಬಂದು ಒಂದು. ಅವಳ ಹೊಟ್ಟೇಲಿ ಹುಟ್ಟಬೇಕಿತ್ತು ದೊಡ್ಡವಳು, ತಪ್ಪಿ ನನ್ನ ಹೊಟ್ಟೇಲಿ ಹುಟ್ಟಿದ್ಲು."

ಮೂರನೇ ಕ್ಯಾಸೆಟ್ ಎರಡೂ ಈ ಪಾರ್ಸೆಲ್‌ನಲ್ಲಿವೆ. ಟೇಪ್ ರೆಕಾರ್ಡರನ್ನು ಅಮ್ಮ ಬಟ್ಟೆ ಸುತ್ತಿ ಅಟ್ಟಕ್ಕೆ ಹಾಕಿಸಿದಳು. ರಜೆ ಸಿಕ್ಕಿದರೆ ಬಾ. ಬಾಗಿಲು ತೆಗೆಯುವವಳು ನಾನೇ, ತೆಗೆಯುತ್ತೇನೆ. ಆದರೆ ಬಂದಾಗ ಅವಳ ಹತ್ತಿರ ಹೋಗಿ ಸುಮ್ಮನೆ ಕೂರು, ಮಾತಾಡಬೇಡ. ನಿನ್ನ ದನಿ ಈಗ ಅವಳಿಗೆ ಬೇಡವಂತೆ.

ಪುಟ್ಟಿ